133 ಪ್ರೂಫ್: ಒಂದು ಬರ್ಬನ್ ಟಿಪ್ಪಣಿಗೆ ವ್ಯಾಖ್ಯಾನ

ವಿಸ್ಕಿಯ ರುಚಿ ನೋಡಿದವರು ಬರೆದಿಡುವ ಟಿಪ್ಪಣಿಗಳು ಸೂತ್ರರೂಪದಲ್ಲಿರುತ್ತವೆ. ಎರಡು ಪದ, ಒಂದು ಅಂಕಿ, ಅಷ್ಟೇ. ಬರೆದವರಿಗೆ ಅದು ಸಾಕು; ಓದುವವರಿಗೆ ಮಾತ್ರ ವೆನಿಲಾ, ಲವಂಗ, ಮರ ಎಂಬ ಬರಿಯ ಪಟ್ಟಿಯಾಗಿ ಕಾಣುತ್ತದೆ. ಇಲ್ಲಿ ವ್ಯಾಖ್ಯಾನಕ್ಕೆ ಎತ್ತಿಕೊಂಡಿರುವ ಸಾಲುಗಳು ಅಮೆರಿಕದ ಕೆಂಟಕಿ ರಾಜ್ಯದ ಒಂದು ತೀಕ್ಷ್ಣ ಬರ್ಬನ್ ಬಗ್ಗೆ ನಾನು ಬರೆದುಕೊಂಡವು. ಶೇ 60 ದಾಟಿದ ಮದ್ಯದ ಮಾತು ಬಂದರೆ ಹೊಗಳುವವರೂ ತೆಗಳುವವರೂ ಅದರ ಉರಿಯ ಹತ್ತಿರವೇ ನಿಂತುಬಿಡುತ್ತಾರೆ. ಒಬ್ಬರಿಗೆ ಆ ಉರಿಯೇ ಹೆಚ್ಚುಗಾರಿಕೆ, ಇನ್ನೊಬ್ಬರಿಗೆ ಅದೇ ದೋಷ. ಉರಿಯನ್ನು ಬದಿಗಿಟ್ಟ ಮೇಲೆ ಬಾಟಲಿಯಲ್ಲಿ ಏನು ಉಳಿಯುತ್ತದೆ ಎಂದು ನೋಡುವುದೇ ಇಂಥ ವಿಸ್ಕಿಯ ಪರೀಕ್ಷೆ ಎಂಬುದು ನನ್ನ ನಿಲುವು.

"ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್. ಕೆಂಟಕಿ ಸ್ಟ್ರೇಟ್ ಬರ್ಬನ್. ಬ್ಯಾಚ್ ಸಿ923."

ಇದು ಲೇಬಲ್ಲಿನಿಂದ ಇಳಿಸಿಕೊಂಡ ಸಾಲು. ಇದರ ಒಂದೊಂದು ಪದಕ್ಕೂ ಕಾನೂನಿನ ತೂಕವಿದೆ. ಬರ್ಬನ್ ಎಂದು ಬರೆಯಬೇಕಾದರೆ ವಿಸ್ಕಿ ಅಮೆರಿಕದಲ್ಲೇ ತಯಾರಾಗಿರಬೇಕು. ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳವಿರಬೇಕು. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ 80 ಮೀರಬಾರದು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗೆ ತುಂಬುವಾಗ ಶೇ 62.5 ಮೀರಬಾರದು. ಸ್ಟ್ರೇಟ್ ಎಂದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿ ಮಾಗಿದ್ದು, ಹೊರಗಿನ ಬಣ್ಣ, ರುಚಿ ಏನನ್ನೂ ಬೆರೆಸದ್ದು. ಬಾಟಲಿಗೆ ಹೋಗುವ ಮುಂಚೆ ಸೇರಿಸಬಹುದಾದದ್ದು ನೀರೊಂದೇ. ಬ್ಯಾರೆಲ್ ಪ್ರೂಫ್‌ನಲ್ಲಿ ಅದೂ ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ಮಾಡುವವರು ಹೆವನ್ ಹಿಲ್ ಕಂಪನಿ. ಅವರ ಮಾಮೂಲಿ ಬರ್ಬನ್‌ನಲ್ಲಿ ಶೇ 78 ಮೆಕ್ಕೆಜೋಳ. ಉಳಿದದ್ದು ಮೊಳಕೆ ಬಾರ್ಲಿ ಮತ್ತು ರೈ. ಬಾರ್ಡ್ಸ್‌ಟೌನ್‌ನಲ್ಲಿದ್ದ ಅವರ ಹಳೆಯ ಡಿಸ್ಟಿಲರಿ 1996ರ ನವೆಂಬರ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಏಳು ಗೋದಾಮುಗಳಲ್ಲಿದ್ದ ಸುಮಾರು 90,000 ಪೀಪಾಯಿ ವಿಸ್ಕಿಯೂ ಅದರ ಜತೆ ಹೋಯಿತು. 1999ರಲ್ಲಿ ಅವರು ಲೂಯಿವಿಲ್‌ನ ಬರ್ನ್‌ಹೈಮ್ ಡಿಸ್ಟಿಲರಿಯನ್ನು ಕೊಂಡರು. ಈ ಬಾಟಲಿಯಲ್ಲಿರುವ ವಿಸ್ಕಿ ಅಲ್ಲಿ ಇಳಿಸಿದ್ದು.

ಎಲೈಜಾ ಕ್ರೇಗ್ ಹದಿನೆಂಟನೆಯ ಶತಮಾನದ ಬ್ಯಾಪ್ಟಿಸ್ಟ್ ಪಾದ್ರಿ. ಪೀಪಾಯಿಯನ್ನು ಒಳಗೆ ಸುಟ್ಟು ವಿಸ್ಕಿ ತುಂಬಿದ ಮೊದಲಿಗ ಆತನೇ ಎಂಬ ಕಥೆ ಕೆಂಟಕಿಯಲ್ಲಿ ಪ್ರಚಲಿತ. ಆತ ಭಟ್ಟಿ ನಡೆಸುತ್ತಿದ್ದದ್ದು ನಿಜ. ಸುಟ್ಟ ಪೀಪಾಯಿಯ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ.

ಹೊಸ ಪೀಪಾಯಿಯೇ ಬೇಕೆಂಬ ನಿಯಮ ಮುಖ್ಯವಾದದ್ದು. ಒಮ್ಮೆ ಬರ್ಬನ್ ಮಾಗಿಸಿದ ಪೀಪಾಯಿಯನ್ನು ಮತ್ತೆ ಬರ್ಬನ್‌ಗೆ ಬಳಸುವಂತಿಲ್ಲ. ಹಾಗಾಗಿ ಖಾಲಿ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್‌ನಲ್ಲಿ ಸಿಗುವ ವೆನಿಲಾ ಪರಿಮಳದಲ್ಲಿ ಕೆಂಟಕಿಯ ಮರದ ಪಾಲೂ ಇದೆ. ಮರದ ಸಾರದಲ್ಲಿ ಮೊದಲ ಮತ್ತು ದೊಡ್ಡ ಪಾಲು ಮಾತ್ರ ಬರ್ಬನ್‌ನದು.

ಸಿ923ರ ಲೆಕ್ಕ ಸುಲಭ. ಸಿ ಎಂದರೆ ಆ ವರ್ಷದ ಮೂರನೆಯ ಬಿಡುಗಡೆ, 9 ಎಂದರೆ ಸೆಪ್ಟೆಂಬರ್, 23 ಎಂದರೆ 2023.

"13 ವರ್ಷ 7 ತಿಂಗಳು."

ಬ್ಯಾಚಿನಲ್ಲಿ ಬೆರೆತ ಪೀಪಾಯಿಗಳ ಪೈಕಿ ಅತಿ ಕಿರಿಯದರ ವಯಸ್ಸಿದು. ಕಾನೂನಿನ ಪ್ರಕಾರ ಅದನ್ನೇ ಹೇಳಬೇಕು. 2023ರ ಮೊದಲ ಬ್ಯಾಚಿನವರೆಗೆ ಈ ಬಾಟಲಿಯ ಮೇಲೆ 12 ವರ್ಷ ಎಂದೇ ಇರುತ್ತಿತ್ತು. ಆಮೇಲೆ ಒಂದೊಂದು ಬ್ಯಾಚಿಗೆ ಒಂದೊಂದು ವಯಸ್ಸು.

ವಯಸ್ಸು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಸ್ಕಾಚ್‌ನಿಂದ ಬಂದದ್ದು. ಅಲ್ಲಿ ತಂಪು ಹವೆ, ಬಹುಪಾಲು ಬಳಸಿದ ಪೀಪಾಯಿ. ಮರ ನಿಧಾನವಾಗಿ ಬಿಟ್ಟುಕೊಡುತ್ತದೆ. ಕೆಂಟಕಿಯ ಗೋದಾಮುಗಳು ಹಲವು ಅಂತಸ್ತಿನವು, ಬೇಸಿಗೆಯಲ್ಲಿ ಮೇಲಿನ ಅಂತಸ್ತು ಕಾದ ಹೆಂಚು. ಶಾಖಕ್ಕೆ ವಿಸ್ಕಿ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಹೊಸ ಮರ, ಜೊತೆಗೆ ಈ ಏರಿಳಿತ ಸೇರಿದಾಗ 13 ವರ್ಷ ಅಪಾಯದ ಗಡಿ. ಮರ ಧಾನ್ಯವನ್ನು ನುಂಗಿಹಾಕಿರಬಹುದು. ಬೆಂಗಳೂರಿನಲ್ಲಿ ಈ ಗಡಿ ಇನ್ನೂ ಬೇಗ ಬರುತ್ತದೆ: ಇಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಆವಿಯಾಗಿ ಹೋಗುವುದರಿಂದ ಅಮೃತ್‌ನವರು ನಾಲ್ಕೈದು ವರ್ಷಕ್ಕೇ ಬಾಟಲಿಗೆ ತುಂಬುತ್ತಾರೆ. ಆದ್ದರಿಂದ ಈ ಸಾಲನ್ನು ನಾನು ಮೆಚ್ಚುಗೆಗೆಂದು ಬರೆದಿಲ್ಲ. ಮುಂದೆ ಒಗರನ್ನು ಹುಡುಕಬೇಕು ಎಂಬ ಎಚ್ಚರಿಕೆಗೆ ಬರೆದದ್ದು.

"133 ಪ್ರೂಫ್, ಅಂದರೆ ಶೇ 66.5."

ನಮ್ಮಲ್ಲಿ ಮಾರುವ ವಿಸ್ಕಿ ಬಾಟಲಿಯ ಮೇಲೆ ಶೇ 42.8 ಎಂದೂ ಪಕ್ಕದಲ್ಲಿ 75 ಡಿಗ್ರಿ ಪ್ರೂಫ್ ಎಂದೂ ಇರುವುದನ್ನು ಅನೇಕರು ನೋಡಿರುತ್ತಾರೆ. ಅದು ಬ್ರಿಟಿಷರು ಬಿಟ್ಟುಹೋದ ಅಳತೆ. ಮದ್ಯದಲ್ಲಿ ನೆನೆಸಿದ ಕೋವಿಮದ್ದು ಹೊತ್ತಿಕೊಂಡರೆ ಅದು ಪ್ರೂಫ್ ಎಂಬ ಹಳೆಯ ಪರೀಕ್ಷೆಯಿಂದ ಹುಟ್ಟಿ, ಮುಂದೆ ಶೇ 57.15ಕ್ಕೆ ನಿಂತಿತು, ಅದರ ಮುಕ್ಕಾಲು ಭಾಗ ನಮ್ಮ 42.8. ಅಮೆರಿಕದವರು ಇದನ್ನು ಸರಳ ಮಾಡಿಕೊಂಡರು: ಶೇಕಡಾವಾರು ಆಲ್ಕೋಹಾಲಿನ ಎರಡು ಪಟ್ಟು ಪ್ರೂಫ್. ಹಾಗಾಗಿ ಎರಡೂ ದೇಶದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಇಲ್ಲಿನ ಅಳತೆಯಲ್ಲಿ ಈ ಬಾಟಲಿ ಸುಮಾರು 116 ಡಿಗ್ರಿ.

ಕುಡಿಯುವವರಿಗೆ ಇದಕ್ಕಿಂತ ಬೇಕಾದ ಲೆಕ್ಕ ಇನ್ನೊಂದಿದೆ. ಇದರ 30 ಎಂಎಲ್‌ನಲ್ಲಿ ಸುಮಾರು 20 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮ ಮಾಮೂಲಿ ವಿಸ್ಕಿಯಲ್ಲಿ ಅಷ್ಟು ಬರಬೇಕಾದರೆ 47 ಎಂಎಲ್ ಬೇಕು. ಸಣ್ಣ ಪೆಗ್ ಎಂದು ಎರೆದುಕೊಂಡದ್ದು ಒಂದೂವರೆ ಪೆಗ್ ಆಗಿರುತ್ತದೆ. ಆದ್ದರಿಂದಲೇ ರುಚಿ ನೋಡಲು ನಾನು ತೆಗೆದುಕೊಳ್ಳುವುದು 15 ಎಂಎಲ್. ಮೂಗಿಗೂ ನಾಲಿಗೆಗೂ ಅಷ್ಟು ಧಾರಾಳ.

ಇನ್ನು 133 ಎಲ್ಲಿಂದ ಬಂತು ಎಂಬುದು. ಪೀಪಾಯಿಗೆ ಹೋಗುವಾಗ ಶೇ 62.5, ಅಂದರೆ 125 ಪ್ರೂಫ್ ಮೀರುವಂತಿಲ್ಲ ಎಂದಮೇಲೆ ಹೊರಬರುವಾಗ 133 ಹೇಗೆ? ಮರದ ಮೂಲಕ ನೀರೂ ಆಲ್ಕೋಹಾಲೂ ಎರಡೂ ಆವಿಯಾಗುತ್ತವೆ. ಸ್ಕಾಟ್ಲೆಂಡಿನ ತೇವದ ಗಾಳಿಯಲ್ಲಿ ಆಲ್ಕೋಹಾಲ್ ಹೆಚ್ಚು ಹೋಗಿ ವಿಸ್ಕಿ ವರ್ಷದಿಂದ ವರ್ಷಕ್ಕೆ ಮೆದುವಾಗುತ್ತದೆ. ಕೆಂಟಕಿಯ ಮೇಲಂತಸ್ತಿನ ಒಣ ಸೆಕೆಯಲ್ಲಿ ನೀರೇ ಮೊದಲು ಹೋಗುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಹಾಗೆ ಏರುವಾಗ ಮರದಿಂದ ಬಂದ ಸಾರವೂ ಜೊತೆಗೆ ಸಾಂದ್ರವಾಗುತ್ತದೆ. ಪ್ರೂಫ್‌ನ ಏರಿಕೆಯಲ್ಲಿ ನನಗೆ ಬೆಲೆಯಿರುವುದು ಇದಕ್ಕೆ ಮಾತ್ರ. 1979ರ ಫೆಡರಲ್ ನಿಯಮದ ಪ್ರಕಾರ ಪೀಪಾಯಿಯಿಂದ ಸುರಿದಾಗ ಇದ್ದ ಪ್ರೂಫ್‌ಗಿಂತ 2 ಡಿಗ್ರಿಗೂ ಹೆಚ್ಚು ಇಳಿಸಿದರೆ ಬ್ಯಾರೆಲ್ ಪ್ರೂಫ್ ಎನ್ನುವಂತಿಲ್ಲ.

ಈ ಬಗೆಯ ಬಾಟಲಿಗೆ ಬೇಡಿಕೆ ಹುಟ್ಟಿಸಿದ್ದರಲ್ಲಿ ಜಿಮ್ ಬೀಮ್ ಅವರ ಮೊಮ್ಮಗ ಬೂಕರ್ ನೋ ಅವರ ಪಾಲು ದೊಡ್ಡದು. ಅವರು 1988ರಲ್ಲಿ ನೀರು ಬೆರೆಸದ, ತಣ್ಣಗೆ ಸೋಸದ ವಿಸ್ಕಿಯನ್ನು ತಮ್ಮ ಹೆಸರಿನಲ್ಲೇ ಹೊರತಂದರು. ಈಗ 140 ಪ್ರೂಫ್ ದಾಟಿದ ಬಾಟಲಿಗಳನ್ನು ಅಮೆರಿಕದ ರಸಿಕರು ಹ್ಯಾಜ್‌ಮ್ಯಾಟ್ ಎಂದು ಕರೆಯುತ್ತಾರೆ, ಅಂದರೆ ಅಪಾಯಕಾರಿ ಸರಕು. ಶೇ 70 ಮೀರಿದ ಮದ್ಯವನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಆ ಅಂಕಿಯ ಹಿಂದೆ ಓಡುವುದು ನನಗೆ ಬೇಸರದ ಸಂಗತಿ. ವಿಸ್ಕಿಯನ್ನು ಅಷ್ಟು ವರ್ಷ ಕಾಯ್ದವರ ಶ್ರಮ ಒಂದು ಅಂಕಿಯಲ್ಲಿ ಮುಗಿದುಹೋಗುತ್ತದೆ.

"ಬಣ್ಣ ಕಡುಕಂದು, ಅಂಚಿನಲ್ಲಿ ಕೆಂಪು. ಅಂಕವಿಲ್ಲ."

ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅವಕಾಶವಿದೆ, ಸ್ಟ್ರೇಟ್ ಬರ್ಬನ್‌ಗೆ ಇಲ್ಲ. ಆದ್ದರಿಂದ ಇಲ್ಲಿನ ಬಣ್ಣ ಮರದ ಕೆಲಸಕ್ಕೆ ನಂಬಬಹುದಾದ ಸಾಕ್ಷಿ. ಸಾಕ್ಷಿಗೆ ಅಂಕ ಕೊಡುವ ಅಗತ್ಯವಿಲ್ಲ.

"ಮೂಗು: ಹತ್ತು ನಿಮಿಷ ಬಿಟ್ಟು. ಮೊದಲು ಘಾಟು. ಆಮೇಲೆ ವೆನಿಲಾ, ಲವಂಗ, ಒಣಚೆರ್ರಿ, ಹಳೆಯ ಮರ."

ಹತ್ತು ನಿಮಿಷ ಎಂಬುದು ಈ ಸಾಲಿನ ಜೀವ. ಎರೆದ ಕೂಡಲೇ ಗ್ಲಾಸಿನ ಬಾಯಲ್ಲಿ ಆಲ್ಕೋಹಾಲಿನ ಆವಿ ದಟ್ಟವಾಗಿರುತ್ತದೆ. ಆಗ ಮೂಗು ಇಟ್ಟು ಜೋರಾಗಿ ಎಳೆದರೆ ಘ್ರಾಣ ಜಡ್ಡುಗಟ್ಟಿ, ಸ್ವಲ್ಪ ಹೊತ್ತು ಏನೂ ಸರಿಯಾಗಿ ತಿಳಿಯುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲೆನ್‌ಕೆರ್ನ್ ಗ್ಲಾಸ್ ಪರಿಮಳವನ್ನು ಒಂದೆಡೆ ಸೇರಿಸುತ್ತದೆ. ತೀಕ್ಷ್ಣ ವಿಸ್ಕಿಯಲ್ಲಿ ಘಾಟನ್ನೂ ಅಷ್ಟೇ ಸೇರಿಸುತ್ತದೆ. ಗ್ಲಾಸನ್ನು ಮೊದಲು ಗದ್ದದ ಮಟ್ಟದಲ್ಲಿ ಹಿಡಿಯಬೇಕು, ಬಾಯಿ ತುಸು ತೆರೆದಿರಬೇಕು, ಉಸಿರು ಮೆಲ್ಲಗಿರಬೇಕು. ನಡುನಡುವೆ ಗ್ಲಾಸನ್ನು ದೂರವಿಟ್ಟು ಬರಿಯ ಗಾಳಿ ಎಳೆದುಕೊಂಡರೆ ಮೂಗು ಚೇತರಿಸಿಕೊಳ್ಳುತ್ತದೆ.

ಘಾಟು ಇಳಿದ ಮೇಲೆ ಬರುವ ಒಂದೊಂದು ವಾಸನೆಗೂ ಮೂಲವಿದೆ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಬೆಂಕಿಗೂ ಕಾಲಕ್ಕೂ ಒಡೆದು ವೆನಿಲಿನ್ ಕೊಡುತ್ತದೆ. ವೆನಿಲಾ ಕೋಡಿನಲ್ಲಿರುವುದೂ ಅದೇ ಅಣು. ಲವಂಗದ ಪರಿಮಳಕ್ಕೆ ಕಾರಣವಾದ ಯೂಜಿನಾಲ್ ಓಕ್‌ನಲ್ಲೂ ಇದೆ. ಹಾಗಾಗಿ ಟಿಪ್ಪಣಿಯಲ್ಲಿ ಲವಂಗ ಎಂದರೆ ಅದು ಕವಿಕಲ್ಪನೆಯಲ್ಲ. ಅಮೆರಿಕನ್ ಓಕ್‌ನಲ್ಲಿ ತೆಂಗಿನ ಪರಿಮಳ ಕೊಡುವ ಲ್ಯಾಕ್ಟೋನ್‌ಗಳೂ ಹೇರಳ, ಆದರೆ ಈ ಬ್ಯಾಚಿನಲ್ಲಿ ಅದು ನನಗೆ ಸಿಗಲಿಲ್ಲ. ಹಳೆಯ ಮರದ ಗಾಢತೆಯಲ್ಲಿ ಮುಳುಗಿರಬೇಕು. ಒಣಚೆರ್ರಿಗೆ ಮಾತ್ರ ಹೀಗೆ ಒಂದೇ ಅಣುವಿನತ್ತ ಬೆರಳು ತೋರಲಾಗದು. ಹುದುಗುವಾಗ ಹುಟ್ಟಿದ ಎಸ್ಟರ್‌ಗಳು, ಪೀಪಾಯಿಯಲ್ಲಿ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆದ ಎಸ್ಟರ್‌ಗಳು, ಮರದ ಸಿಹಿ, ಎಲ್ಲ ಕೂಡಿ ಮೂಗು ಅದನ್ನು ಹಣ್ಣೆಂದು ಓದುತ್ತದೆ.

ತೀರ್ಪು ಕೊಡುವವರು ಇಲ್ಲಿ ದೋಷವನ್ನೂ ಹುಡುಕಬೇಕು. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಮುಂದೆ ನಿಂತರೆ ಈಥೈಲ್ ಅಸಿಟೇಟ್ ಅತಿಯಾಗಿದೆ ಎಂದರ್ಥ. ಹಸಿ ಜೋಳ, ಹಸಿ ಮರದ ವಾಸನೆ ಬಂದರೆ ಮಾಗುವಿಕೆ ಸಾಲದು. ಹತ್ತು ನಿಮಿಷವಾದರೂ ಘಾಟು ಇಳಿಯದೆ ಬೇರೇನೂ ಮೇಲೆ ಬಾರದಿದ್ದರೆ ಆ ಬಾಟಲಿಯಲ್ಲಿ ಪ್ರೂಫ್ ಬಿಟ್ಟು ಹೆಚ್ಚೇನಿಲ್ಲ. ಸಿ923ರಲ್ಲಿ ಇವು ಯಾವುವೂ ಇರಲಿಲ್ಲ.

"ಮೊದಲ ಗುಟುಕು ಲೆಕ್ಕಕ್ಕಿಲ್ಲ."

ಮೆಣಸಿನಕಾಯಿಯ ಖಾರವನ್ನು ಮಿದುಳಿಗೆ ತಿಳಿಸುವ ಗ್ರಾಹಕಕ್ಕೆ ವಿಜ್ಞಾನಿಗಳು ಟಿಆರ್‌ಪಿವಿ1 ಎಂದು ಹೆಸರಿಟ್ಟಿದ್ದಾರೆ. ಅದು ಶಾಖವನ್ನೂ ಗುರುತಿಸುತ್ತದೆ, ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಆಲ್ಕೋಹಾಲ್ ತಗುಲಿದಾಗ ಈ ಮಿತಿ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬಾಯಿಯ ಶಾಖ ಅದಕ್ಕಿಂತ ಹೆಚ್ಚೇ ಇರುವುದರಿಂದ ನಮ್ಮದೇ ಮೈಬಿಸಿ ನಮಗೆ ಸುಡುತ್ತದೆ. ವಿಸ್ಕಿಯ ಗುಣಕ್ಕೂ ಈ ಉರಿಗೂ ಸಂಬಂಧವಿಲ್ಲ, ಶೇ 66.5ರ ಯಾವ ದ್ರವವಾದರೂ ಹೀಗೇ ಮಾಡುತ್ತದೆ. ಅರ್ಧ ಚಮಚೆಯಷ್ಟನ್ನು ನಾಲಿಗೆಯ ಮೇಲೆ ಹರಡಿ ನುಂಗಿ, ಬಾಯಲ್ಲಿ ನೀರೂರಲು ಬಿಟ್ಟು, ಆ ಗುಟುಕನ್ನು ಮರೆಯಬೇಕು. ಅದರ ಮೇಲೆಯೇ ತೀರ್ಪು ಹೇಳಿದ ಎಷ್ಟೋ ವಿಮರ್ಶೆಗಳಿವೆ. ಅವನ್ನು ನಾನು ನಂಬುವುದಿಲ್ಲ.

"ಎರಡನೆಯದು: ಸುಟ್ಟ ಸಕ್ಕರೆ ಮುಂದೆ, ಖಾರ ನಡುವೆ, ಮರ ಹಿಂದೆ. ಮೈ ಗಟ್ಟಿ."

ಪಟ್ಟಿಗಿಂತ ಅನುಕ್ರಮ ಮುಖ್ಯ ಎಂದು ಹೇಳಲು ಈ ಸಾಲು. ಒಳ್ಳೆಯ ಬರ್ಬನ್ ಬಾಯಲ್ಲಿ ಹಂತಹಂತವಾಗಿ ಬದಲಾಗುತ್ತದೆ. ಪೀಪಾಯಿಯನ್ನು ಸುಡುವಾಗ ಇದ್ದಿಲಿನ ಪದರದ ಹಿಂದೆ ಮರದ ಹೆಮಿಸೆಲ್ಯುಲೋಸ್ ಕಂದಿ ಕೆಂಪು ಪದರವೊಂದು ಆಗುತ್ತದೆ. ಸುಟ್ಟ ಸಕ್ಕರೆಯ ಪರಿಮಳ ಬರುವುದು ಅಲ್ಲಿಂದ. ನಡುವಿನ ಖಾರದಲ್ಲಿ ರೈ ಧಾನ್ಯದ ಪಾಲಿದೆ, ಮರದ ಮಸಾಲೆಯದೂ ಇದೆ. ಮೈ ಗಟ್ಟಿ ಎಂದರೆ ನಾಲಿಗೆಯ ಮೇಲೆ ಎಣ್ಣೆಯಂತೆ ಕೂರುವ ಗುಣ. ಮೆದು ವಿಸ್ಕಿಗಳನ್ನು ಮಬ್ಬು ಕಟ್ಟದಿರಲೆಂದು ತಣ್ಣಗೆ ಮಾಡಿ ಸೋಸುತ್ತಾರೆ. ಆಗ ದೊಡ್ಡ ಕೊಬ್ಬಿನಾಮ್ಲಗಳ ಎಸ್ಟರ್‌ಗಳು ಹೊರಟುಹೋಗುತ್ತವೆ. ಇದನ್ನು ಹಾಗೆ ಸೋಸಿಲ್ಲ.

"15 ಎಂಎಲ್‌ಗೆ 5 ಎಂಎಲ್ ನೀರು. ತೆರೆಯಿತು, ತೆಳುವಾಗಲಿಲ್ಲ."

ಇಡೀ ಟಿಪ್ಪಣಿಯಲ್ಲಿ ನನಗೆ ಹೆಚ್ಚು ಬೇಕಾದ ಸಾಲು ಇದೇ. 15 ಎಂಎಲ್‌ಗೆ 5 ಎಂಎಲ್ ಸೇರಿದರೆ ಶೇ 66.5 ಇದ್ದದ್ದು ಸುಮಾರು ಶೇ 50ಕ್ಕೆ ಬರುತ್ತದೆ, ಅಂದರೆ 100 ಪ್ರೂಫ್. 1897ರ ಬಾಟಲ್ಡ್ ಇನ್ ಬಾಂಡ್ ಕಾಯಿದೆ ಒಳ್ಳೆಯ ವಿಸ್ಕಿಗೆ ಗೊತ್ತುಮಾಡಿದ ಮಟ್ಟವೂ ಅದೇ. ಒಮ್ಮೆಲೇ ಸುರಿಯದೆ ಹನಿಹನಿಯಾಗಿ ಹಾಕಿ, ಪ್ರತಿ ಸಲ ಮೂಗಿಗೆ ಹಿಡಿದು ನೋಡುತ್ತ ಇಳಿಸಬೇಕು. ನೀರು ಕೋಣೆಯ ಬಿಸಿಯಲ್ಲೇ ಇರಲಿ. ಐಸ್ ಹಾಕಿದರೆ ತಂಪಿಗೆ ಪರಿಮಳ ಮುಚ್ಚಿಕೊಳ್ಳುತ್ತದೆ, ಸೋಡಾದ ಗುಳ್ಳೆಗಳು ನಾಲಿಗೆಯನ್ನು ಬೇರೆ ಕೆಲಸಕ್ಕೆ ಹಚ್ಚುತ್ತವೆ. ಕುಡಿಯಲು ಅವು ಚೆನ್ನ, ತೂಗಲು ಬೇಡ.

ತೆರೆಯಿತು ಎಂಬ ಮಾತಿಗೆ ಆಧಾರವಿದೆ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಗ್ವಾಯಕಾಲ್ ಎಂಬ ಹೊಗೆವಾಸನೆಯ ಅಣು ನೀರು ಮತ್ತು ಆಲ್ಕೋಹಾಲಿನ ಮಿಶ್ರಣದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಪರಿಶೀಲಿಸಿದರು. ಆಲ್ಕೋಹಾಲ್ ಶೇ 45ರವರೆಗೆ ಇದ್ದಾಗ ಆ ಅಣು ಮೇಲ್ಮೈಯ ಹತ್ತಿರ ಇರಲು ಒಲವು ತೋರುತ್ತದೆ. ಶೇ 59 ದಾಟಿದರೆ ಆಲ್ಕೋಹಾಲ್ ಅಣುಗಳು ಅದನ್ನು ಸುತ್ತುವರಿದು ದ್ರವದೊಳಕ್ಕೆ ಎಳೆದುಕೊಳ್ಳುತ್ತವೆ. ನಮ್ಮ ಶೇ 66.5 ಎರಡನೆಯ ಸ್ಥಿತಿ. ಅಂದರೆ ನೀರಿಲ್ಲದೆ ಮೂಸಿದಾಗ ಕೆಲವು ಪರಿಮಳಗಳು ಗ್ಲಾಸಿನಲ್ಲಿದ್ದೂ ನಮ್ಮ ಪಾಲಿಗೆ ಇಲ್ಲ. ನನ್ನ ಗ್ಲಾಸಿನಲ್ಲಿ ನೀರು ಬಿದ್ದ ಮೇಲೆ ಬಂದದ್ದು ತಂಬಾಕಿನ ಎಲೆ ಮತ್ತು ಕೋಕೋ. ಎರಡೂ ಮೊದಲು ಸುಳಿದಿರಲಿಲ್ಲ. ಹೆಚ್ಚು ನೀರು ಹಾಕಿದರೆ ವಿಸ್ಕಿ ತುಸು ಮಬ್ಬಾಗುವುದೂ ಉಂಟು. ಸೋಸದೆ ಉಳಿಸಿದ ಆ ಎಸ್ಟರ್‌ಗಳು ಕರಗಿರಲಾರದೆ ಕಾಣಿಸಿಕೊಳ್ಳುವುದದು, ಗಾಬರಿ ಬೇಡ.

ತೆಳುವಾಗಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಮರದಲ್ಲಿ ಸಾಕಷ್ಟು ಗಳಿಸಿದ ವಿಸ್ಕಿಯನ್ನು ಕಾಲು ಭಾಗ ನೀರಾಗಿಸಿದರೂ ರುಚಿಯ ಮೈಕಟ್ಟು ಉಳಿಯುತ್ತದೆ. ಪ್ರೂಫ್ ಒಂದರ ಮೇಲೆಯೇ ನಿಂತಿದ್ದರೆ ಇಷ್ಟು ಹೊತ್ತಿಗೆ ಕುಸಿದಿರುತ್ತಿತ್ತು. ಬ್ಯಾರೆಲ್ ಪ್ರೂಫ್‌ಗೆ ನೀರು ಹಾಕುವುದು ಹೇಡಿತನ ಎಂಬ ಮಾತನ್ನು ಬಾರ್‌ಗಳಲ್ಲಿ ಕೇಳುತ್ತೇವೆ. ಮಾಮೂಲಿ ಬಾಟಲಿಗೆ ಎಷ್ಟು ನೀರು ಸೇರಬೇಕೆಂದು ಕಂಪನಿಯವರು ತೀರ್ಮಾನಿಸಿರುತ್ತಾರೆ. ಇಲ್ಲಿ ಆ ತೀರ್ಮಾನವನ್ನು ನಮಗೆ ಬಿಟ್ಟಿದ್ದಾರೆ. ಹೆಚ್ಚಿನ ಹಣ ತೆತ್ತು ಈ ಬಾಟಲಿ ತರುವುದು ಆ ಸ್ವಾತಂತ್ರ್ಯಕ್ಕಾಗಿ, ಅದನ್ನು ಬಳಸದೆ ಬಿಡುವುದು ನಷ್ಟ.

"ಕೊನೆ ಉದ್ದ. ಒಗರು ಇದೆ, ಅತಿಯಿಲ್ಲ."

ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ ಕೊನೆ ಎನ್ನುತ್ತಿದ್ದೇನೆ. ಓಕ್‌ನ ಟ್ಯಾನಿನ್ ಎಂಜಲಿನ ಪ್ರೋಟೀನುಗಳನ್ನು ಹಿಡಿದು ಬಾಯಿಯ ಜಾರುತನವನ್ನು ಕಳೆಯುತ್ತದೆ. ಹಸಿ ಅಡಿಕೆ ಅಗಿದಾಗ ಕೆನ್ನೆಯ ಒಳಬದಿ ಬಿಗಿಯುವ ಹಾಗೆ. ಎರಡನೆಯ ಸಾಲಿನ ವಯಸ್ಸು ನೋಡಿ ನಾನು ಕಾದಿದ್ದದ್ದು ಇದಕ್ಕೇ. ಒಗರು ಬಂದು, ಅದರ ಬೆನ್ನಿಗೆ ಸಿಹಿ ಮರಳಿದರೆ ಮರ ಹದದಲ್ಲಿದೆ. ಒಗರು ಕಹಿಗೆ ತಿರುಗಿ ಅಲ್ಲೇ ನಿಂತರೆ ಪೀಪಾಯಿಯನ್ನು ಒಂದೆರಡು ವರ್ಷ ಮೊದಲೇ ತೆಗೆಯಬೇಕಿತ್ತು. ಇದರಲ್ಲಿ ಸಿಹಿ ಮರಳಿತು, ಗಡಿಯಿಂದ ಒಂದೇ ಹೆಜ್ಜೆ ಈಚೆ.

"ಎದೆಯ ಬಿಸಿಗೆ ಅಂಕವಿಲ್ಲ."

ಕೆಂಟಕಿಯವರು ಇದನ್ನು ಕೆಂಟಕಿಯ ಅಪ್ಪುಗೆ ಎಂದು ಪ್ರೀತಿಯಿಂದ ಕರೆಯುತ್ತಾರೆ. ಹಿತವಾದ ಬಿಸಿ, ಒಪ್ಪುತ್ತೇನೆ. ಆದರೆ ಅದು ಮೊದಲ ಗುಟುಕಿನ ಉರಿಯ ಮುಂದುವರಿಕೆಯೇ.

"ತೀರ್ಪು: ಬಹಳ ಒಳ್ಳೆಯದು, ನೀರಿನೊಂದಿಗೆ."

ಈ ತೀರ್ಪು ಸಿ923ಕ್ಕೆ ಮಾತ್ರ ಸಲ್ಲುತ್ತದೆ, ಎಲೈಜಾ ಕ್ರೇಗ್ ಎಂಬ ಹೆಸರಿಗೆಲ್ಲ ಅಲ್ಲ. 2017ರಲ್ಲಿ ಇದೇ ಸಾಲಿನ ಬಿ517 ಬ್ಯಾಚನ್ನು ವಿಸ್ಕಿ ಅಡ್ವೊಕೇಟ್ ಪತ್ರಿಕೆ ವರ್ಷದ ವಿಸ್ಕಿ ಎಂದು ಆರಿಸಿತು. ಆ ಗೌರವವನ್ನು ಹಿಂದುಮುಂದಿನ ಬ್ಯಾಚುಗಳಿಗೂ ಹಂಚುವುದು ತಪ್ಪು. ಪೀಪಾಯಿಗಳು ಬೇರೆ, ವಯಸ್ಸು ಬೇರೆ, ಪ್ರೂಫ್ ಬೇರೆ.

ಬಹಳ ಒಳ್ಳೆಯದು ಎಂದು ಬರೆಯುವ ಮುಂಚೆ ಮಾಡಿ ನೋಡಬೇಕಾದ ಒಂದು ಪರೀಕ್ಷೆಯಿದೆ. ಇದೇ ಕಂಪನಿಯ ಎಲೈಜಾ ಕ್ರೇಗ್ ಸ್ಮಾಲ್ ಬ್ಯಾಚ್ 94 ಪ್ರೂಫ್‌ನದು, ಅಂದರೆ ಶೇ 47. ಧಾನ್ಯದ ಪ್ರಮಾಣ ಎರಡರಲ್ಲೂ ಒಂದೇ. 15 ಎಂಎಲ್ ಸಿ923ಕ್ಕೆ 6 ಎಂಎಲ್‌ಗಿಂತ ತುಸು ಹೆಚ್ಚು ನೀರು ಸೇರಿಸಿದರೆ ಅದೂ ಶೇ 47ಕ್ಕೆ ಇಳಿಯುತ್ತದೆ. ಎರಡನ್ನೂ ಒಂದೇ ಬಗೆಯ ಗ್ಲಾಸಿನಲ್ಲಿ, ಯಾವುದು ಯಾವುದೆಂದು ತಿಳಿಯದ ಹಾಗೆ ಮನೆಯವರ ಕೈಯಲ್ಲಿ ಇಡಿಸಿಕೊಂಡು ನೋಡಬೇಕು. ಬಲ ಸಮನಾದ ಮೇಲೆ ಕಾಣುವ ವ್ಯತ್ಯಾಸವೆಲ್ಲ ವಯಸ್ಸಿನದು, ಮರದ್ದು, ಪೀಪಾಯಿ ಆರಿಸಿದವರ ಮೂಗಿನದು. ಎಷ್ಟೋ ಬ್ಯಾರೆಲ್ ಪ್ರೂಫ್‌ಗಳು ಈ ಹಂತದಲ್ಲಿ ತಮ್ಮ ಅಗ್ಗದ ತಮ್ಮಂದಿರ ಪಕ್ಕ ಗುರುತು ಸಿಗದೆ ಹೋಗುತ್ತವೆ. ಸಿ923 ಹಾಗಾಗಲಿಲ್ಲ. ಸ್ಮಾಲ್ ಬ್ಯಾಚ್‌ನಲ್ಲಿ ವೆನಿಲಾ, ಜೋಳದ ಸಿಹಿ ಚೆನ್ನಾಗಿದ್ದು ಅಲ್ಲಿಗೇ ಮುಗಿದವು. ಇನ್ನೊಂದು ಗ್ಲಾಸಿನಲ್ಲಿ ಅವು ಮುಗಿದ ಮೇಲೆ ತಂಬಾಕು, ಕೋಕೋ, ಆ ಒಗರು, ಒಗರಿನ ಹಿಂದಿನ ಸಿಹಿ ಬಂದವು.